ರಿಜಿಸ್ಟರಿನ ನೀರು, ನಲ್ಲಿಯ ನೀರು

ನಮ್ಮ ಮಧ್ಯಮ ಗಾತ್ರದ ಊರುಗಳಲ್ಲಿ ಕುಡಿಯುವ ನೀರಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವುದು ಕಾರ್ಯಪಾಲಕ ಎಂಜಿನಿಯರಿಗಲ್ಲ. ಪೌರಾಯುಕ್ತರಿಗಂತೂ ಅಲ್ಲವೇ ಅಲ್ಲ. ಅದು ಗೊತ್ತಿರುವುದು ವಾಲ್ವ್‌ಮನ್‌ಗೆ. ಹುಬ್ಬಳ್ಳಿ ಕಡೆಯ ಬಾಯಲ್ಲಿ ಆತ ವಾಲ್‌ಮನ್, ಗ್ರಾಮ ಪಂಚಾಯ್ತಿಯಲ್ಲಿ ನೀರುಗಂಟಿ, ಬೆಂಗಳೂರಿನ ಬಡಾವಣೆಗಳಲ್ಲಿ ಬರೀ ‘ನೀರು ಬಿಡೋನು’. ಉದ್ದನೆಯ ಕಬ್ಬಿಣದ ಕೀಯನ್ನು ಸೈಕಲ್ಲಿಗೋ ಹಳೆಯ ಟಿವಿಎಸ್ ಗಾಡಿಗೋ ಕಟ್ಟಿಕೊಂಡು ಬೆಳಕು ಹರಿಯುವ ಮೊದಲೇ ಹೊರಡುತ್ತಾನೆ. ರಸ್ತೆಯ ಚೇಂಬರಿನ ಮುಚ್ಚಳ ಸರಿಸಿ, ಕೀ ಇಳಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಾನೆ. ಎಷ್ಟು ಸುತ್ತು? ಅದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಪೂರ್ತಿ ತೆರೆದರೆ ಕೆಳಗಿನ ಓಣಿಯ ಹಳೆಯ ಜಾಯಿಂಟ್ ಬಿಚ್ಚಿಕೊಳ್ಳುತ್ತದೆ. ಅರ್ಧ ತೆರೆದರೆ ದಿಬ್ಬದ ಮೇಲಿನ ಮನೆಗಳಿಗೆ ನೀರು ಏರುವುದಿಲ್ಲ. ಮೊದಲು ಕೆಳಗಿನದನ್ನು ಬಂದ್ ಮಾಡಿ, ಅರ್ಧ ಗಂಟೆ ಬಿಟ್ಟು ಮೇಲಿನದನ್ನು ತೆರೆಯಬೇಕು. ಒಂದು ವಾಲ್ವ್ ಎಲ್ಲ ವಾಲ್ವುಗಳಿಗೂ ಉಲ್ಟಾ ತಿರುಗುತ್ತದೆ. ಇನ್ನೊಂದು ಡಾಂಬರಿನ ಕೆಳಗೆ ಹೂತುಹೋಗಿದೆ. ಅದು ಕಿರಾಣಿ ಅಂಗಡಿಯ ಮುಂದಿನ ಬೇವಿನ ಮರದಿಂದ ನಾಲ್ಕು ಹೆಜ್ಜೆ ಈಚೆಗೆ ಇದೆ ಎಂಬುದು ಆತನಿಗೆ ಗೊತ್ತು. ಚರಂಡಿ ದಾಟಿ ಹೋಗುವ ಪೈಪಿನ ನೀರು ಮೊದಲ ಹತ್ತು ನಿಮಿಷ ಕೆಂಪಗೆ ಬರುತ್ತದೆ, ಹಿಡಿಯಬೇಡಿ ಎಂದು ಮನೆಯವರಿಗೆ ಹೇಳುವವನೂ ಆತನೇ.

ಇದರಲ್ಲಿ ಒಂದು ಸಾಲೂ ಕಚೇರಿಯ ಕಡತದಲ್ಲಿ ಇರುವುದಿಲ್ಲ. ಕಡತದಲ್ಲಿರುವುದು ಕಾಮಗಾರಿಯ ಅಂದಾಜು ಪಟ್ಟಿ, ಟೆಂಡರ್, ಅಳತೆ ಪುಸ್ತಕ, ಬಿಲ್ಲು. ಪೈಪು ಎಷ್ಟು ಮೀಟರ್ ಹಾಕಿದೆವು ಎಂಬ ಲೆಕ್ಕ ಪಕ್ಕಾ ಸಿಗುತ್ತದೆ. ಅದು ಈಗ ಎಲ್ಲಿದೆ ಮತ್ತು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಒಬ್ಬ ಗುತ್ತಿಗೆ ನೌಕರನ ತಲೆಯಲ್ಲಿ ಇರುತ್ತದೆ. ಆತ ನಿವೃತ್ತನಾದ, ಕಾಯಿಲೆ ಬಿದ್ದ, ಅಥವಾ ಹೊಸ ಗುತ್ತಿಗೆದಾರ ಬಂದು ಆತನನ್ನು ಬಿಡಿಸಿದ ಅಂದುಕೊಳ್ಳಿ; ಊರು ಆ ಪಾಠವನ್ನೆಲ್ಲ ಪೈಪು ಒಡೆದು ಒಡೆದು ಹೊಸದಾಗಿ ಕಲಿಯಬೇಕು.

ಸಾರ್ವಜನಿಕ ಸಂಸ್ಥೆಗಳಲ್ಲಿ ‘ಜ್ಞಾನ ನಿರ್ವಹಣೆ’, ‘ಗುಣಮಟ್ಟ ನಿರ್ವಹಣೆ’ ಎಂಬ ಎರಡು ದೊಡ್ಡ ಹೆಸರುಗಳು ಓಡಾಡುತ್ತಿರುತ್ತವೆ. ತರಬೇತಿ ಶಿಬಿರಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ದಿನ, ಬೇರೆ ಬೇರೆ ಉಪನ್ಯಾಸಕರು. ಗುಣಮಟ್ಟ ಎಂದರೆ ಸ್ವಾಗತ ಕೊಠಡಿಯ ಗೋಡೆಗೆ ಹಾಕಿದ ಐಎಸ್‌ಒ 9001 ಪ್ರಮಾಣಪತ್ರ. ಜ್ಞಾನ ಎಂದರೆ ಯಾರೂ ತೆರೆಯದ ಒಂದು ಪೋರ್ಟಲ್. ನನ್ನ ಅಭಿಪ್ರಾಯ ಕೇಳಿದರೆ, ಈ ಎರಡನ್ನು ಬೇರೆ ಮಾಡಿದ್ದೇ ಹೆಚ್ಚಿನ ಅನಾಹುತಗಳಿಗೆ ಮೂಲ. ಕೆಲಸ ಬಲ್ಲವನಿಗೆ ಉಪಯೋಗವಿಲ್ಲದ ರಿಜಿಸ್ಟರ್ ಬೇಗ ಸುಳ್ಳಾಗುತ್ತದೆ. ರಿಜಿಸ್ಟರಿಗೆ ಇಳಿಯದ ಬಲ್ಲತನ ಬೇಗ ಕಳೆದುಹೋಗುತ್ತದೆ. ಮೊದಲನೆಯದಕ್ಕೆ ಕೆನಡಾದ ಒಂದು ಪುಟ್ಟ ಊರು ಸಾಕ್ಷಿ, ಎರಡನೆಯದಕ್ಕೆ ನಾವೇ ಸಾಕು.

ಐಎಸ್‌ಒ 9001 ಮೊದಲು ಬಂದದ್ದು 1987ರಲ್ಲಿ, ಮುಖ್ಯವಾಗಿ ಕಾರ್ಖಾನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು. ನೀವು ಏನು ಮಾಡುತ್ತೀರೋ ಬರೆಯಿರಿ, ಬರೆದಂತೆ ಮಾಡಿ, ಮಾಡಿದ್ದಕ್ಕೆ ದಾಖಲೆ ಇಡಿ, ತಪ್ಪಿದ ಕಡೆ ಕಾರಣ ಹುಡುಕಿ ತಿದ್ದಿಕೊಳ್ಳಿ: ಸಾರಾಂಶ ಇಷ್ಟೇ. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೊ 2005ರಲ್ಲಿ ಸರ್ಕಾರಿ ಸೇವೆಗಳಿಗೆಂದೇ ಐಎಸ್ 15700 ಎಂಬ ಮಾನದಂಡ ತಂದಿತು. ಅದರ ಜೊತೆಗೆ ಕೇಂದ್ರದ ಆಡಳಿತ ಸುಧಾರಣಾ ಇಲಾಖೆ ‘ಸೇವೋತ್ತಮ’ ಎಂಬ ಚೌಕಟ್ಟನ್ನು ಕಟ್ಟಿತು. ನಾಗರಿಕ ಸನ್ನದು, ಕುಂದುಕೊರತೆ ಪರಿಹಾರ, ಸೇವೆ ಒದಗಿಸುವ ಸಾಮರ್ಥ್ಯ ಎಂಬ ಮೂರು ಕಂಬಗಳು ಅದಕ್ಕೆ. ಮೊದಲ ಎರಡಕ್ಕೆ ಬೋರ್ಡು, ಸಹಾಯವಾಣಿ ಸಂಖ್ಯೆ ಬಂದವು. ಮೂರನೆಯದು ಕಷ್ಟದ್ದು, ಆದ್ದರಿಂದ ಹಿಂದೆ ಉಳಿಯಿತು. ಕರ್ನಾಟಕದಲ್ಲಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಶುರುವಾದ ‘ಸಕಾಲ’ ಒಂದು ಹೆಜ್ಜೆ ಮುಂದೆ ಹೋಗಿ ತಡಕ್ಕೆ ದಂಡವನ್ನೇ ಇಟ್ಟಿತು: ದಿನಕ್ಕೆ 20 ರೂಪಾಯಿ, ಗರಿಷ್ಠ 500. ಒಳ್ಳೆಯದೇ. ಆದರೆ ಸಕಾಲ ಎಣಿಸುವುದು ದಿನಗಳನ್ನು. ನಲ್ಲಿ ಸಂಪರ್ಕ ಎಷ್ಟು ದಿನಕ್ಕೆ ಕೊಟ್ಟರು ಎಂಬುದು ಅದರ ಲೆಕ್ಕಕ್ಕೆ ಸಿಗುತ್ತದೆ. ಆ ನಲ್ಲಿಯಲ್ಲಿ ಬರುವ ನೀರು ಎಂಥದ್ದು ಎಂಬುದು ಸಿಗುವುದಿಲ್ಲ.

2015ರಲ್ಲಿ ಐಎಸ್‌ಒ 9001 ಪರಿಷ್ಕರಣೆಯಾದಾಗ ಒಂದು ಸಣ್ಣ ಕಲಮು ಸೇರಿತು, 7.1.6. ಸಂಸ್ಥೆಗೆ ತನ್ನ ಕೆಲಸ ನಡೆಸಲು ಯಾವ ತಿಳಿವಳಿಕೆ ಬೇಕು, ಅದು ಎಲ್ಲಿದೆ, ಬೇಕಾದವರ ಕೈಗೆ ಸಿಗುತ್ತದೆಯೇ, ಹೊಸದು ಬೇಕಾದಾಗ ಎಲ್ಲಿಂದ ತರುತ್ತೀರಿ ಎಂದು ಅದು ಕೇಳುತ್ತದೆ. ಮೂರು ವರ್ಷದ ನಂತರ ಜ್ಞಾನ ನಿರ್ವಹಣೆಗೆಂದೇ ಐಎಸ್‌ಒ 30401 ಬಂದಿತು. ನಮ್ಮ ನಗರಸಭೆಯ ಯಾವುದಾದರೂ ಕಚೇರಿಗೆ ಹೋಗಿ ಈ 7.1.6ರ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದರೆ, ಉತ್ತರವಾಗಿ ಅವರು ಒಬ್ಬ ಮನುಷ್ಯನ ಮೊಬೈಲ್ ನಂಬರ್ ಕೊಡುತ್ತಾರೆ.

ಇನ್ನು ಆ ಕೆನಡಾದ ಊರು. ಹೆಸರು ವಾಕರ್ಟನ್, ಓಂಟಾರಿಯೊ ಪ್ರಾಂತ್ಯದ್ದು, ಜನಸಂಖ್ಯೆ ಸುಮಾರು 4,800. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ನೀರು ಸರಬರಾಜು ಸ್ಥಳೀಯ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿತ್ತು. ಅದರ ವ್ಯವಸ್ಥಾಪಕ ಸ್ಟಾನ್ ಕೋಬೆಲ್, ಮೇಸ್ತ್ರಿಯ ಸ್ಥಾನದಲ್ಲಿ ಆತನ ತಮ್ಮ ಫ್ರಾಂಕ್. 2000ನೇ ಇಸವಿಯ ಮೇ 8ರಿಂದ 12ರವರೆಗೆ ಜೋರು ಮಳೆ ಸುರಿಯಿತು. ಊರಿನ ಐದನೇ ಬಾವಿಯ ಹತ್ತಿರದ ಹೊಲದಲ್ಲಿದ್ದ ದನದ ಗೊಬ್ಬರದಿಂದ ಇ. ಕೋಲಿ ಸೂಕ್ಷ್ಮಾಣು ಬಾವಿಗೆ ಇಳಿಯಿತು. ಬರೀ ಇ. ಕೋಲಿ ಅಲ್ಲ, ಅದರ ಮಾರಕ ತಳಿ. 7 ಮಂದಿ ಸತ್ತರು, 2,300ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಅಂದರೆ ಹತ್ತಿರ ಹತ್ತಿರ ಊರಿನ ಅರ್ಧದಷ್ಟು.

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ಆಯೋಗ 2002ರಲ್ಲಿ ಎರಡು ಭಾಗಗಳಲ್ಲಿ ವರದಿ ಕೊಟ್ಟಿತು. ಸರ್ಕಾರಿ ಕೆಲಸದಲ್ಲಿರುವ ಯಾರೇ ಆದರೂ ಓದಬೇಕಾದ ವರದಿ ಅದು, ನೀರಿಗೂ ಅವರಿಗೂ ಸಂಬಂಧವೇ ಇಲ್ಲದಿದ್ದರೂ. ಏಕೆಂದರೆ ಅಲ್ಲಿ ರಿಜಿಸ್ಟರು ಇತ್ತು. ದಿನವೂ ತುಂಬುತ್ತಿದ್ದರು. ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟು ಎಂಬ ಕಾಲಮ್ಮಿನಲ್ಲಿ ದಿನವೂ 0.5 ಅಥವಾ 0.75 ಎಂದು ಬರೆದಿರುತ್ತಿತ್ತು. ಬಹುತೇಕ ದಿನ ಯಾರೂ ಅಳೆದೇ ಇರಲಿಲ್ಲ. ಮಾದರಿ ನೀರನ್ನು ಊರಿನ ಬೇರೆ ಬೇರೆ ಜಾಗಗಳಿಂದ ತೆಗೆದದ್ದೆಂದು ಬಾಟಲಿಗೆ ಚೀಟಿ ಅಂಟಿಸುತ್ತಿದ್ದರು. ತೆಗೆಯುತ್ತಿದ್ದದ್ದು ಕೈಗೆ ಹತ್ತಿರದ ಪಂಪ್‌ಹೌಸಿನಲ್ಲೇ. ದಿನವೂ ಒಂದೇ ಅಂಕೆ ಬರುವ ರಿಜಿಸ್ಟರನ್ನು ನೋಡಿದರೆ ಒಬ್ಬ ಸಾಮಾನ್ಯ ಗುಮಾಸ್ತನಿಗೂ ಅನುಮಾನ ಬರಬೇಕು. ಇಲಾಖೆಯ ತಪಾಸಣೆಗೆ ಬಂದವರಿಗೆ ಬರಲಿಲ್ಲ.

ಅಣ್ಣತಮ್ಮಂದಿರು ದುಷ್ಟರೇ? ಹಾಗೆಂದು ಬಿಟ್ಟರೆ ಕಥೆ ಸುಲಭವಾಗುತ್ತದೆ. ಅವರೂ ಅವರ ಕೈಕೆಳಗಿನವರೂ ಕ್ಲೋರಿನ್ ಹಾಕದ ಬಾವಿ ನೀರನ್ನೇ ಇಷ್ಟಪಟ್ಟು ಕುಡಿಯುತ್ತಿದ್ದರು. ರುಚಿಯಾಗಿರುತ್ತದೆ ಎಂಬುದು ಅವರ ನಂಬಿಕೆ. ಕ್ಲೋರಿನ್ ವಾಸನೆ ಎಂದು ಊರಿನವರಿಂದ ದೂರು ಬೇರೆ. ಅವರಿಗೆ ಲೈಸೆನ್ಸ್ ಸಿಕ್ಕಿದ್ದು ಪರೀಕ್ಷೆ ಬರೆದಲ್ಲ, ಹಳಬರು ಎಂಬ ಕಾರಣಕ್ಕೆ. ಇ. ಕೋಲಿ ಎಂದರೆ ಏನು, ಅದು ಏನು ಮಾಡಬಲ್ಲದು ಎಂಬುದು ಅವರಿಗೆ ಸರಿಯಾಗಿ ತಿಳಿದೇ ಇರಲಿಲ್ಲ ಎಂದು ಆಯೋಗ ಹೇಳಿತು. ಅವರ ಪಾಲಿಗೆ ಆ ಕಾಲಮ್ಮು ಮೇಲಿನವರು ಕೇಳಿದ ಒಂದು ಅಂಕೆ, ಅಷ್ಟೆ. ಅಂಕೆಯಿಂದ ತಮಗೆ ಏನು ಗೊತ್ತಾಗುತ್ತದೆ ಎಂಬ ಅರಿವಿದ್ದಿದ್ದರೆ, ಮಳೆಯ ದಿನಗಳಲ್ಲಿ ಕ್ಲೋರಿನ್ ತಟ್ಟನೆ ಕುಸಿದದ್ದು ಕಾಣುತ್ತಿತ್ತು. ಕೊಳೆ ಹೆಚ್ಚಾದಷ್ಟೂ ಅದು ಕ್ಲೋರಿನ್ನನ್ನು ನುಂಗುತ್ತದೆ. ಆದ್ದರಿಂದ ಕ್ಲೋರಿನ್ ಇಳಿಯುವುದೇ ಮೊದಲ ಎಚ್ಚರಿಕೆ. ಸರಿಯಾಗಿ ಅಳೆದಿದ್ದರೆ ಅಪಾಯ ಆಗಲೇ ಗೊತ್ತಾಗುತ್ತಿತ್ತು ಎಂಬುದು ಆಯೋಗದ ನಿರ್ಣಯ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಐದನೇ ಬಾವಿ ಆಳವಿಲ್ಲದ್ದು, ಮೇಲ್ಮೈಯ ಕೊಳೆ ಸುಲಭವಾಗಿ ಇಳಿಯುವಂಥದ್ದು ಎಂಬುದು ಬಾವಿ ತೋಡಿದ ಕಾಲಕ್ಕೇ, ಅಂದರೆ 1978ರ ಹೊತ್ತಿಗೇ, ತಜ್ಞರಿಗೆ ಗೊತ್ತಿತ್ತು. ಸುತ್ತಲಿನ ಜಮೀನನ್ನು ಹತೋಟಿಯಲ್ಲಿಟ್ಟುಕೊಳ್ಳಿ ಎಂಬ ಸಲಹೆಯೂ ಬಂದಿತ್ತು. ಅದು ಪರಿಸರ ಇಲಾಖೆಯ ಕಡತದಲ್ಲಿ ಭದ್ರವಾಗಿ ಕುಳಿತಿತ್ತು. ತೊಂಬತ್ತರ ದಶಕದಲ್ಲಿ ಇಂಥ ಬಾವಿಗಳಿಗೆ ಸದಾ ಕ್ಲೋರಿನ್ ಅಳೆಯುವ ಯಂತ್ರ ಕೂರಿಸಬೇಕು ಎಂಬ ನಿಯಮ ಬಂದಾಗ, ಹಳೆಯ ಬಾವಿಗಳಲ್ಲಿ ಯಾವುದು ಈ ಪಟ್ಟಿಗೆ ಸೇರುತ್ತದೆ ಎಂದು ಕಡತಗಳನ್ನು ತಿರುವಿ ನೋಡುವ ವ್ಯವಸ್ಥೆಯನ್ನೇ ಇಲಾಖೆ ಮಾಡಿಕೊಳ್ಳಲಿಲ್ಲ. ಮತ್ತೆ ಮತ್ತೆ ತಪಾಸಣೆ ನಡೆಯಿತು. ಬಂದವರು ಆ ಕಡತ ತೆರೆಯಲಿಲ್ಲ. ತೆರೆಯಿರಿ ಎಂದು ಅವರಿಗೆ ಯಾರೂ ಹೇಳಿರಲೂ ಇಲ್ಲ. ಸರ್ಕಾರಕ್ಕೆ ಗೊತ್ತಿತ್ತು, ಸರ್ಕಾರಿ ನೌಕರರಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಸತ್ಯ ಕಪಾಟಿನಲ್ಲಿದ್ದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಮೇ 17ರಂದು ಪ್ರಯೋಗಾಲಯದಿಂದ ಕೆಟ್ಟ ವರದಿ ಫ್ಯಾಕ್ಸಿನಲ್ಲಿ ಬಂದಿತು. ಸರ್ಕಾರಿ ಪ್ರಯೋಗಾಲಯಗಳು ಈ ಕೆಲಸ ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ಖಾಸಗಿ ಪ್ರಯೋಗಾಲಯ ವರದಿಯನ್ನು ತನ್ನ ಗಿರಾಕಿಗೆ ಕಳಿಸಿ ಸುಮ್ಮನಾಯಿತು. ಆರೋಗ್ಯ ಇಲಾಖೆಗೂ ತಿಳಿಸಬೇಕು ಎಂಬ ಕಾನೂನು ಆಗ ಇರಲಿಲ್ಲ. ಮಕ್ಕಳಿಗೆ ರಕ್ತಭೇದಿ ಶುರುವಾಗಿ ಆರೋಗ್ಯ ಇಲಾಖೆಯವರು ಮತ್ತೆ ಮತ್ತೆ ಫೋನ್ ಮಾಡಿದಾಗ ವ್ಯವಸ್ಥಾಪಕರ ಉತ್ತರ ಒಂದೇ: ನೀರು ಸರಿಯಾಗಿದೆ. ಕಡೆಗೆ ಅಲ್ಲಿನ ನೌಕರನೊಬ್ಬ ಹೆಸರು ಹೇಳದೆ ಸಹಾಯವಾಣಿಗೆ ಕರೆ ಮಾಡಿ, ಮಾದರಿಗಳು ಕೆಟ್ಟಿವೆ ಎಂದ. ಮೇ 21ರಂದು ಆರೋಗ್ಯಾಧಿಕಾರಿಗಳು ನೀರನ್ನು ಕುದಿಸಿ ಕುಡಿಯಿರಿ ಎಂದು ಸಾರಿದರು. ಆ ನೌಕರನಿಗೆ ಸತ್ಯ ಗೊತ್ತಿತ್ತು. ಅದನ್ನು ತನ್ನ ಸಂಸ್ಥೆಯೊಳಗೆ ಹೇಳುವ ದಾರಿ ಇರಲಿಲ್ಲ, ಅಥವಾ ಇದೆ ಎಂದು ಆತನಿಗೆ ಅನ್ನಿಸಲಿಲ್ಲ.

ಗುಣಮಟ್ಟ ಶಾಸ್ತ್ರದ ಹಿರಿಯ ಡೆಮಿಂಗ್ ತನ್ನ ಹದಿನಾಲ್ಕು ಸೂತ್ರಗಳಲ್ಲಿ ಒಂದನ್ನು ಭಯ ಓಡಿಸುವುದಕ್ಕೇ ಮೀಸಲಿಟ್ಟದ್ದು ಇದಕ್ಕೆ. ಹೆದರಿದವನು ಅಳೆದದ್ದನ್ನು ಬರೆಯುವುದಿಲ್ಲ, ಮೇಲಿನವರು ನೋಡಲು ಬಯಸುವುದನ್ನು ಬರೆಯುತ್ತಾನೆ. ನಮ್ಮ ಕಚೇರಿಗಳ ಟಿಪ್ಪಣಿ ಹಾಳೆ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಸೂಕ್ತ ಆದೇಶಕ್ಕಾಗಿ ಕಡತ ಮಂಡಿಸಿದೆ’ ಎಂಬ ಸಾಲು ಬರೆಯುವವನಿಗೆ ಉತ್ತರ ಗೊತ್ತಿರುತ್ತದೆ. ಬರೆದರೆ ನಾಳೆ ಇಲಾಖಾ ವಿಚಾರಣೆಯಲ್ಲಿ ಅದೇ ಸಾಲು ತನ್ನ ಕೊರಳಿಗೆ ಬರುತ್ತದೆ ಎಂಬುದೂ ಗೊತ್ತಿರುತ್ತದೆ. ಹೀಗಾಗಿ ಸರ್ಕಾರಿ ಕಡತ ಎನ್ನುವುದು ಬಹಳ ಸಲ ತಿಳಿದದ್ದನ್ನು ಬಿಟ್ಟು ಬರೆದ ದಾಖಲೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಮು ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಹಾಕಿ, ಸಿಗುವಂತೆ ಇಡಬೇಕು ಎಂದು 2005ರಿಂದ ಹೇಳುತ್ತಲೇ ಇದೆ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಇಂದಿಗೂ ನಿಂತಿಲ್ಲ. ಆದರೆ ಕಡತ ಸಿಕ್ಕರೂ ವಾಲ್ವಿನ ಸುತ್ತು ಅದರಲ್ಲಿ ಇರುವುದಿಲ್ಲವಲ್ಲ, ಅದು ನನ್ನ ತಕರಾರು.

ಹುಬ್ಬಳ್ಳಿ–ಧಾರವಾಡಕ್ಕೆ ಬರೋಣ. ಮಲಪ್ರಭೆ ಮತ್ತು ನೀರಸಾಗರದ ನೀರು ಕುಡಿಯುವ ಈ ಅವಳಿ ನಗರದಲ್ಲಿ ದಶಕಗಳ ಕಾಲ ನೀರು ಕೆಲವು ದಿನಗಳಿಗೊಮ್ಮೆ ಬರುತ್ತಿತ್ತು. ‘ನಿಮ್ಮ ಓಣ್ಯಾಗ ನೀರು ಯಾವಾಗ ಬಿಡತಾರ್ರೀ?’ ಎಂಬುದು ಅಲ್ಲಿ ಕುಶಲ ವಿಚಾರಿಸಿದಷ್ಟೇ ಸಹಜ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ ಪೈಪುಗಳನ್ನೆಲ್ಲ ಹೊಸದಾಗಿ ಹಾಕಿ ದಿನವಿಡೀ ನೀರು ಕೊಡತೊಡಗಿದರು. ಉಳಿದ ವಾರ್ಡುಗಳು ಹಳೆಯ ಪದ್ಧತಿಯಲ್ಲೇ ಉಳಿದವು. ಎರಡನ್ನೂ ಹೋಲಿಸಿ ನೋಡಲು ಸಂಶೋಧಕರಿಗೆ ಇದು ಒಳ್ಳೆಯ ಅವಕಾಶವಾಯಿತು. 2013ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡದ್ದು: ಒಂದೇ ಮೂಲದ ನೀರಾದರೂ, ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಇ. ಕೋಲಿ ಕಾಣಿಸಿದ್ದು ಹೆಚ್ಚು, ನಿರಂತರ ಪೂರೈಕೆಯ ನಲ್ಲಿಗಳಲ್ಲಿ ತೀರಾ ಅಪರೂಪ. ಪೈಪು ಖಾಲಿ ಇದ್ದಾಗ ಒತ್ತಡವಿಲ್ಲದೆ ಸುತ್ತಲಿನ ಕೊಳೆ ಬಿರುಕುಗಳಿಂದ ಒಳಗೆ ಬರುತ್ತದೆ. ನೀರು ಬಿಟ್ಟ ಕೂಡಲೇ ಮೊದಲು ಬರುವುದು ಅದು.

ಮೊದಲ ನೀರು ಹಿಡಿಯಬೇಡಿ ಎಂದು ವಾಲ್‌ಮನ್ ಹೇಳುತ್ತಿದ್ದದ್ದೂ ಇದೇ ಅಲ್ಲವೇ? ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವ ಹೆಂಗಸರಿಗೂ ಇದು ಬಾಯಿಪಾಠ: ಮೊದಲ ನೀರು ಬಟ್ಟೆಗೆ, ತಿಳಿಯಾದದ್ದು ಕುಡಿಯಲಿಕ್ಕೆ. ಪ್ರಯೋಗಾಲಯಕ್ಕಿಂತ ಮುಂಚೆ ಓಣಿಗೆ ಗೊತ್ತಿತ್ತು ಎಂದು ನಾವು ಬೀಗಬಹುದು, ಆದರೆ ಅರ್ಧ ಮಾತ್ರ. ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲೂ ಸೂಕ್ಷ್ಮಾಣು ಇರಬಲ್ಲದು ಎಂಬುದು ಓಣಿಗೆ ಗೊತ್ತಿರಲಿಲ್ಲ. ಯಾವ ಓಣಿಯಲ್ಲಿ ಕೊಳೆ ಯಾವ ಜಾಗದಿಂದ ಒಳಬರುತ್ತದೆ ಎಂಬುದು ಪ್ರಯೋಗಾಲಯಕ್ಕೆ ಗೊತ್ತಿರಲಿಲ್ಲ. ವಾಕರ್ಟನ್ನಿನವರು ರುಚಿ ನಂಬಿ ಕೆಟ್ಟರು. ಅನುಭವವೆಲ್ಲ ಜ್ಞಾನ ಎಂದು ಹೊಗಳುವ ಚಾಳಿ ನಮ್ಮಲ್ಲಿ ಹೆಚ್ಚು, ಅದಕ್ಕೇ ಇಷ್ಟು ಹೇಳಿದೆ.

ಅದೇ ಹುಬ್ಬಳ್ಳಿ–ಧಾರವಾಡದಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿದವರು ಕಟ್ಟಿದ ‘ನೆಕ್ಸ್ಟ್‌ಡ್ರಾಪ್’ ಎಂಬ ಸಂಸ್ಥೆ ಒಂದು ಸರಳ ಉಪಾಯ ತಂದಿತು. ವಾಲ್‌ಮನ್ ನೀರು ಬಿಡುವಾಗ ಒಂದು ನಂಬರಿಗೆ ಫೋನ್ ಮಾಡಿ ತಿಳಿಸಬೇಕು. ಆ ಓಣಿಯ ಮನೆಗಳಿಗೆ ನೀರು ಬರುವ ಮುಂಚೆ ಎಸ್‌ಎಂಎಸ್ ಹೋಗುತ್ತದೆ. ಕಾಯುವ ಹೆಂಗಸರ ಅರ್ಧ ದಿನ ಉಳಿಯುತ್ತದೆ, ಎಂಜಿನಿಯರಿಗೆ ಎಲ್ಲಿ ಯಾವಾಗ ನೀರು ಹೋಯಿತು ಎಂಬ ಲೆಕ್ಕವೂ ಸಿಗುತ್ತದೆ. ಎಷ್ಟು ಚೆನ್ನಾಗಿದೆ! ದೇಶ ವಿದೇಶಗಳಲ್ಲಿ ಮೆಚ್ಚುಗೆ ಬಂದಿತು, ಆ ಸೇವೆ ಬೆಂಗಳೂರಿಗೂ ಬಂದಿತು. ಬೆಂಗಳೂರಿನಲ್ಲಿ ಇದರ ಪರಿಣಾಮವನ್ನು ಸಂಶೋಧಕರು ಹತ್ತಿರದಿಂದ ಅಳೆದರು. ಜನರ ದಿನಚರಿಯಲ್ಲಿ ದೊಡ್ಡ ವ್ಯತ್ಯಾಸವೇನೂ ಆಗಿರಲಿಲ್ಲ. ವಾಲ್ವ್‌ಮನ್‌ಗಳು ಎಲ್ಲ ಸಲ ಕರೆ ಮಾಡುತ್ತಿರಲಿಲ್ಲ. ಕರೆ ಬಂದರೂ ಸಂದೇಶ ಸರಿಯಾದ ಮನೆಗೆ ಸರಿಯಾದ ಹೊತ್ತಿಗೆ ತಲುಪುತ್ತಿರಲಿಲ್ಲ. ತಲುಪಿದರೂ ಮೊಬೈಲ್ ಇರುತ್ತಿದ್ದದ್ದು ಕೆಲಸಕ್ಕೆ ಹೋದ ಗಂಡಸಿನ ಜೇಬಿನಲ್ಲಿ.

ಸೋಮಾರಿ ಎಂದು ವಾಲ್ವ್‌ಮನ್‌ನನ್ನು ಬೈಯುವ ಮೊದಲು ಆತನ ಜಾಗದಲ್ಲಿ ನಿಂತು ನೋಡಿ. ಇಪ್ಪತ್ತು ಮೂವತ್ತು ವಾಲ್ವ್ ತೆರೆಯಬೇಕು, ಮುಚ್ಚಬೇಕು. ನಡುವೆ ಕಾರ್ಪೊರೇಟರ ಮನೆಯಿಂದ ಫೋನು, ಕಲ್ಯಾಣಮಂಟಪಕ್ಕೆ ಹದಿನೈದು ನಿಮಿಷ ಹೆಚ್ಚು ಬಿಡಪ್ಪಾ ಎಂದು. ಕರೆ ಮಾಡಿ ತಿಳಿಸಿದರೆ ಆತನಿಗೆ ಸಿಗುವುದೇನು? ಸಂಬಳ ಹೆಚ್ಚುವುದಿಲ್ಲ. ಮೇಲಿನ ಎಂಜಿನಿಯರು ಆ ಲೆಕ್ಕ ನೋಡುವುದೂ ಇಲ್ಲ. ಸಿಗುವುದು ಒಂದೇ: ನೀನು ಆರೂವರೆಗೆ ಬಿಟ್ಟೆ ಅಂತ ಮೆಸೇಜು ಬಂತಲ್ಲ, ನಮಗ್ಯಾಕೆ ಬರಲಿಲ್ಲ ಎಂಬ ಜಗಳ. ಇನ್ನೂ ಒಂದು ಮಾತಿದೆ, ಅದನ್ನು ಸಂಶೋಧನಾ ಪ್ರಬಂಧಗಳಿಗಿಂತ ಚಹಾ ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಬಹುದು. ಗುತ್ತಿಗೆ ನೌಕರನಿಗೆ ತಾನೊಬ್ಬನೇ ಬಲ್ಲ ವಾಲ್ವೇ ನೌಕರಿಯ ಭದ್ರತೆ. ಅದನ್ನು ಬರೆದು ಕೊಟ್ಟ ದಿನ ಆತನ ಬದಲಿಗೆ ಯಾರನ್ನಾದರೂ ಇಡಬಹುದು. 2022ರಲ್ಲಿ ಹುಬ್ಬಳ್ಳಿ–ಧಾರವಾಡದ ನೀರು ಪೂರೈಕೆ ಜಲಮಂಡಳಿಯಿಂದ ಖಾಸಗಿ ಕಂಪನಿಗೆ ಹಸ್ತಾಂತರವಾದಾಗ ಹಳೆಯ ನೌಕರರ ಪ್ರಶ್ನೆಯೇ ದೊಡ್ಡ ಗದ್ದಲವಾದದ್ದು ನೆನಪಿಸಿಕೊಳ್ಳಿ. ಆಸ್ತಿಯ ಹಸ್ತಾಂತರಕ್ಕೆ ಪಟ್ಟಿ ಇರುತ್ತದೆ. ಬಲ್ಲತನದ ಹಸ್ತಾಂತರಕ್ಕೆ ಪಟ್ಟಿ ಎಲ್ಲಿರುತ್ತದೆ?

ಬೆಂಗಳೂರಿನದು ಇನ್ನೊಂದು ವಿಚಿತ್ರ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಪಂಪ್ ಆಗಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರ್, ಅದೂ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು. ಪಂಪ್‌ಹೌಸುಗಳಲ್ಲಿ ಪ್ರತಿ ಯಂತ್ರಕ್ಕೂ ಲಾಗ್‌ಬುಕ್ ಇದೆ, ಒತ್ತಡ, ಹರಿವು, ವಿದ್ಯುತ್ತು ಎಲ್ಲದಕ್ಕೂ ಮೀಟರ್ ಇದೆ. ನೀರು ನಮ್ಮ ಬೀದಿಗೆ ಹತ್ತಿರ ಬಂದಷ್ಟೂ ದಾಖಲೆ ತೆಳ್ಳಗಾಗುತ್ತಾ ಹೋಗಿ, ಕೊನೆಯ ವಾಲ್ವಿನ ಹತ್ತಿರ ಮಾಯವಾಗುತ್ತದೆ. ನಾವು ಕುಡಿಯುವುದು ಕೊನೆಯ ವಾಲ್ವಿನ ಆಚೆಯ ನೀರನ್ನು.

ಕೆಳಗಿನವರ ಬಲ್ಲತನವನ್ನು ಮೇಲೆ ತರುವ ಪ್ರಯತ್ನಗಳು ನಮ್ಮ ಸಾರ್ವಜನಿಕ ಉದ್ಯಮಗಳಲ್ಲಿ ಆಗದೇ ಇಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬಿಎಚ್‌ಇಎಲ್‌ನ ಹೈದರಾಬಾದ್ ಘಟಕದಲ್ಲಿ ಎಸ್. ಆರ್. ಉಡುಪ ಎಂಬ ಅಧಿಕಾರಿ ಜಪಾನಿನ ಮಾದರಿಯ ‘ಕ್ವಾಲಿಟಿ ಸರ್ಕಲ್’ಗಳನ್ನು ಶುರುಮಾಡಿದರು. ಒಂದೇ ಕೆಲಸ ಮಾಡುವ ಏಳೆಂಟು ಕಾರ್ಮಿಕರು ವಾರಕ್ಕೊಮ್ಮೆ ಕೂತು ತಮ್ಮದೇ ಸಮಸ್ಯೆ ತಾವೇ ಹುಡುಕಿ, ಬಗೆಹರಿಸಿ, ವ್ಯವಸ್ಥಾಪಕರ ಮುಂದೆ ನಿಂತು ವಿವರಿಸುತ್ತಾರೆ. ಇದರಲ್ಲಿ ದಾಖಲೆ ಬರೆಯುವವನೂ ಅದನ್ನು ಬಳಸುವವನೂ ಒಬ್ಬನೇ. ಅದೇ ಇದರ ಗುಟ್ಟು. ಆ ಚಳವಳಿ ಬೇರೆ ಬೇರೆ ಉದ್ಯಮಗಳಿಗೆ ಹರಡಿತು. ನಗರಸಭೆಯ ನೀರಿನ ವಿಭಾಗಕ್ಕೆ ಬರಲಿಲ್ಲ. ಬರುವುದು ಸುಲಭವೂ ಅಲ್ಲ: ಬಿಎಚ್‌ಇಎಲ್‌ನ ಕಾರ್ಮಿಕ ಕಾಯಂ ನೌಕರ, ಮಾತಾಡಿದರೆ ಕೆಲಸ ಹೋಗುತ್ತದೆ ಎಂಬ ಅಂಜಿಕೆ ಆತನಿಗಿರಲಿಲ್ಲ.

ಓಂಟಾರಿಯೊ ಏನು ಮಾಡಿತು? 2002ರಲ್ಲೇ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ತಂದಿತು. ನೀರಿಗೆಂದೇ ಗುಣಮಟ್ಟ ನಿರ್ವಹಣೆಯ ಒಂದು ಮಾನದಂಡ ರೂಪಿಸಿ ಎಲ್ಲ ನಗರಾಡಳಿತಗಳಿಗೂ ಕಡ್ಡಾಯ ಮಾಡಿತು. ಅದರಲ್ಲಿ 21 ಅಂಶಗಳಿವೆ. ಅಪಾಯ ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡುವುದು, ಯಾವ ಕೆಲಸಕ್ಕೆ ಯಾವ ಅರ್ಹತೆ ಬೇಕು ಎಂದು ಬರೆದಿಡುವುದು, ಸಿಬ್ಬಂದಿ ಇಲ್ಲದ ದಿನ ಯಾರು ಎಂದು ಮೊದಲೇ ನಿಶ್ಚಯಿಸುವುದು ಇವೆಲ್ಲ ಅದರೊಳಗೆ ಬಂದವು. ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಆ ಕಾಯ್ದೆಯ 19ನೇ ಕಲಮು ನೀರಿನ ಮೇಲ್ವಿಚಾರಣೆಯ ಹೊಣೆಯನ್ನು ಚುನಾಯಿತ ಕೌನ್ಸಿಲರುಗಳ ಹೆಗಲಿಗೂ ವೈಯಕ್ತಿಕವಾಗಿ ಹಾಕಿದೆ. ಅಸಡ್ಡೆ ತೋರಿದರೆ ದಂಡವೂ ಉಂಟು, ಜೈಲೂ ಉಂಟು. ಹೀಗಾಗಿ ಅಲ್ಲಿ ಕೌನ್ಸಿಲರುಗಳೂ ನೀರಿನ ತರಬೇತಿಗೆ ಕೂರುತ್ತಾರೆ. ನಮ್ಮ ಸದಸ್ಯರನ್ನು ಅಂಥ ತರಬೇತಿಗೆ ಕೂರಿಸುವ ದೃಶ್ಯ ಊಹಿಸಿಕೊಂಡರೆ ನಗು ಬರುತ್ತದೆ, ಆದರೆ ಬೋರ್‌ವೆಲ್ ಎಲ್ಲಿ ಕೊರೆಸಬೇಕು ಎಂದು ನಿರ್ಧರಿಸುವವರು ಅವರೇ ತಾನೇ?

ನಮ್ಮ ಮಾನದಂಡವೇನೂ ಸಡಿಲವಾಗಿಲ್ಲ. ಐಎಸ್ 10500 ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಕಾಣಿಸಲೇಬಾರದು, ನಲ್ಲಿಯ ನೀರಿನಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಅಳೆಯುವುದೂ ಕಷ್ಟವಲ್ಲ. ಕ್ಲೋರೋಸ್ಕೋಪಿನ ಗಾಜಿನ ನಳಿಕೆಗೆ ನೀರು ಹಿಡಿದು, ನಾಲ್ಕಾರು ಹನಿ ದ್ರಾವಣ ಹಾಕಿ, ಬರುವ ಹಳದಿ ಬಣ್ಣವನ್ನು ಪಕ್ಕದ ಬಣ್ಣಕ್ಕೆ ಹೋಲಿಸುವುದು. ಬಣ್ಣ ಬರಲೇ ಇಲ್ಲವೆಂದರೆ ಕ್ಲೋರಿನ್ ಇಲ್ಲ. ಎರಡು ನಿಮಿಷದ ಕೆಲಸ. ‘ಮನೆ ಮನೆಗೆ ಗಂಗೆ’ ಎಂದು ಇಲ್ಲಿ ಕರೆಯುವ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸುವ ಯೋಜನೆ ಇದೆ. ಇಡೀ ಮಿಷನ್ನಿನಲ್ಲಿ ಒಳ್ಳೆಯ ವಿಚಾರ ಎಂದರೆ ನನ್ನ ಮಟ್ಟಿಗೆ ಇದೇ. ಆ ನೀರನ್ನು ಮಕ್ಕಳಿಗೆ ಕುಡಿಸುವವಳೇ ಅಳೆದರೆ ಆಕೆ 0.5 ಎಂದು ಸುಮ್ಮನೆ ಬರೆಯಲಾರಳು. ಆದರೆ ಬಣ್ಣ ಬರದ ದಿನ ಆಕೆ ಯಾರಿಗೆ ಹೇಳಬೇಕು, ಹೇಳಿದ ಎಷ್ಟು ಹೊತ್ತಿನೊಳಗೆ ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಬೇಕು, ಪುಡಿಯೇ ದಾಸ್ತಾನಿಲ್ಲದಿದ್ದರೆ ಯಾರ ದುಡ್ಡಿನಲ್ಲಿ ತರಬೇಕು ಎಂಬುದು ಪಂಚಾಯ್ತಿಯಲ್ಲಿ ನಿಶ್ಚಯವಾಗಿರದಿದ್ದರೆ ಕಿಟ್ಟು ಕಪಾಟು ಸೇರುತ್ತದೆ. ಅಂಕೆ ಆ್ಯಪಿಗೆ ಹೋಗುತ್ತದೆ, ನೀರು ಹಾಗೇ ಬರುತ್ತಿರುತ್ತದೆ.

ಪಟ್ಟಣಗಳಲ್ಲಿ ಮಾಡಬಹುದಾದದ್ದೂ ಭಾರಿ ಖರ್ಚಿನದಲ್ಲ. ಕಿರಿಯ ಎಂಜಿನಿಯರು ತನ್ನ ವಾಲ್ವ್‌ಮನ್ ಜೊತೆ ಒಂದು ವಾರ ನಸುಕಿನಲ್ಲಿ ನಡೆದು, ಪ್ರತಿ ವಾಲ್ವಿಗೂ ಒಂದು ಕಾರ್ಡು ಬರೆಯಬೇಕು: ಎಲ್ಲಿದೆ, ಯಾವ ಕಡೆ ತಿರುಗುತ್ತದೆ, ಎಷ್ಟು ಸುತ್ತು, ಯಾವುದಕ್ಕಿಂತ ಮೊದಲು, ಯಾವ ಮನೆಗಳಿಗೆ, ಹಿಂದೆ ಯಾವಾಗ ಏಕೆ ಒಡೆಯಿತು. ಬರೆದದ್ದನ್ನು ಆತನಿಗೇ ಓದಿ ಹೇಳಿ ತಿದ್ದಿಸಬೇಕು, ಕಾರ್ಡಿನ ಕೆಳಗೆ ಆತನ ಹೆಸರು ಇರಬೇಕು. ಬರೆದು ಕೊಟ್ಟ ಕಾರಣಕ್ಕೆ ಆತನನ್ನು ಬಿಡಿಸುವಂತಿಲ್ಲ ಎಂಬುದು ಗುತ್ತಿಗೆಯ ಷರತ್ತಿನಲ್ಲೇ ಬರಬೇಕು. ಅದಿಲ್ಲದೆ ಉಳಿದದ್ದೆಲ್ಲ ನಾಟಕ. ಜಿಐಎಸ್ ನಕ್ಷೆ, ಆ್ಯಪು ಎಲ್ಲ ಆಮೇಲೆ ಬರಲಿ, ಬೇಡವೆನ್ನುವುದಿಲ್ಲ. ಕಾರ್ಡು ಬರೆದ ಮೇಲೂ ಕೈಗೆ ಬರುವ ಅಂದಾಜು ಕಾಗದಕ್ಕೆ ಇಳಿಯುವುದಿಲ್ಲ. ಪಾಟೀಲರ ಓಣಿಯ ವಾಲ್ವು ಎಷ್ಟು ಬಿಗಿಯಾದಾಗ ನಿಲ್ಲಿಸಬೇಕು ಎಂಬುದನ್ನು ಕೀ ಹಿಡಿದೇ ಕಲಿಯಬೇಕು. ಅದಕ್ಕೆ ಹಳಬ ನಿವೃತ್ತನಾಗುವ ಮುಂಚೆ ಒಂದೆರಡು ತಿಂಗಳು ಹೊಸಬ ಆತನ ಹಿಂದೆ ಸುತ್ತಬೇಕು, ಇಬ್ಬರಿಗೂ ಸಂಬಳ ಕೊಟ್ಟು.

ತೊಡಕಿರುವುದು ಇಲ್ಲಿಯೇ. ಒಂದು ಮಂಜೂರಾದ ಹುದ್ದೆಗೆ ಒಂದೇ ತಿಂಗಳಲ್ಲಿ ಇಬ್ಬರ ಸಂಬಳ ಎಳೆದರೆ ಲೆಕ್ಕಪರಿಶೋಧನೆಯವರು ಆಕ್ಷೇಪಣೆ ಬರೆಯುತ್ತಾರೆ. ಮುಖ್ಯಾಧಿಕಾರಿ ಅದಕ್ಕೆ ಉತ್ತರ ಕೊಡುತ್ತಾ ಕೂರಬೇಕು, ಕೊಡದಿದ್ದರೆ ವಸೂಲಾತಿ. ಅದೇ ತಿಂಗಳು, ಹೊಸಬನ ಕೈಯಲ್ಲಿ ವಾಲ್ವ್ ಮುರಿದು ಪೈಪು ಒಡೆದರೆ ತುರ್ತು ದುರಸ್ತಿಯ ಬಿಲ್ಲು ಯಾವ ಆಕ್ಷೇಪಣೆಯೂ ಇಲ್ಲದೆ ಪಾಸಾಗುತ್ತದೆ. ಅದಕ್ಕೆ ಲೆಕ್ಕಶೀರ್ಷಿಕೆ ಇದೆ. ಕಲಿಸುವುದಕ್ಕೂ ಒಂದು ಲೆಕ್ಕಶೀರ್ಷಿಕೆ ತೆರೆಯುವುದು ಮುಖ್ಯಾಧಿಕಾರಿಯ ಕೈಯಲ್ಲಿಲ್ಲ. ಆ ಆದೇಶ ನಗರಾಭಿವೃದ್ಧಿ ಇಲಾಖೆಯಿಂದ ಬರಬೇಕು, ಹಣಕಾಸು ಇಲಾಖೆಯ ಸಹಮತಿಯೊಂದಿಗೆ.